ಕಂಡಕ್ಟರ್ ಶಿವರಂಜಿನಿಯ ತೂಕ

ಶಿವರಂಜಿನಿ ನನ್ನ ಮೂಗನ್ನು ಎರಡು ಸಲ ಮುರಿದಿದ್ದಾಳೆ. ಎರಡು ಸಲವೂ ಐಸ್ ಇಟ್ಟವಳು ಅವಳೇ, ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ, ಅಲ್ಲಿ ಡಾಕ್ಟರ ಮುಂದೆ ನಾನು ಬಾತ್‌ರೂಮಿನಲ್ಲಿ ಜಾರಿಬಿದ್ದೆ ಎಂದು ಕಣ್ಣು ಮಿಟುಕಿಸದೆ ಹೇಳಿದವಳೂ ಅವಳೇ. ಆದ್ದರಿಂದ ಅವಳ ಬಗ್ಗೆ ಬರೆಯುವ ಹಕ್ಕು ಈ ಜಿಲ್ಲೆಯಲ್ಲಿ ಬೇರೆ ಯಾರಿಗಿಂತಲೂ ನನಗೆ ಹೆಚ್ಚಾಗಿದೆ.

ನಾನು ಫಾಯಿಜಾ. ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು, ಆದರೆ ಜಗಳಕ್ಕೆ ಇಳಿದರೆ ನಾನು ಕನ್ನಡಕ್ಕೆ ಬರುತ್ತೇನೆ, ಅದರಲ್ಲಿ ನನ್ನ ಕೈ ಮೇಲು. ನಮ್ಮ ಅಬ್ಬಾ ಹಿದಾಯತ್ ಉಲ್ಲಾ ಗೇಟು, ಮಂಚ, ಕಿಟಕಿ ಸರಳುಗಳ ವೆಲ್ಡಿಂಗ್ ಕೆಲಸದವರು. ಅಂಗಡಿ ತೆಗೆಯುವ ಮುಂಚೆ, ಬೆಳಿಗ್ಗೆ ಐದೂವರೆಯಿಂದ ಏಳೂವರೆಯವರೆಗೆ, ಶಾಲೆಯ ಮೈದಾನದಲ್ಲಿ ಕರಾಟೆ ಕಲಿಸುತ್ತಾರೆ. ಊರಿನ ಅರ್ಧ ಜನರಿಗೆ ಅವರು ಗೇಟಿನ ಸಾಬರು, ಉಳಿದ ಅರ್ಧಕ್ಕೆ ಕರಾಟೆ ಮಾಸ್ಟ್ರು.

ಶಿವರಂಜಿನಿ ಅವರ ಹತ್ತಿರ ಬಂದಾಗ ಅವಳಿಗೆ ಹನ್ನೆರಡು ವರ್ಷ. ಗುಂಡ್ಲುಪೇಟೆಯಿಂದ ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ಬಸ್ಸು ತಡವಾದ ದಿನ ಉಳಿದವರೆಲ್ಲ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಇವಳು ನಡುಪಟ್ಟಿ ಕಟ್ಟಿಕೊಳ್ಳುತ್ತಾ ಓಡಿಬರುತ್ತಿದ್ದಳು. ಆಗ ಅಬ್ಬಾ ಅವಳೊಬ್ಬಳಿಗಾಗಿ ಇನ್ನೊಂದು ಅರ್ಧ ಗಂಟೆ ನಿಲ್ಲುತ್ತಿದ್ದರು. ಅವಳ ಜೊತೆ ಆಡುವುದಕ್ಕೆ ಒಬ್ಬರು ಬೇಕಲ್ಲ, ಆ ಒಬ್ಬರು ಯಾವಾಗಲೂ ನಾನು. ನನಗೆ ಶಾಲೆಗೆ ತಡವಾಗಿ ಬೈಸಿಕೊಂಡ ದಿನಗಳಿಗೆಲ್ಲ ಅವಳೇ ಕಾರಣ, ಇದನ್ನು ಬರವಣಿಗೆಯಲ್ಲಿ ದಾಖಲಿಸುತ್ತಿದ್ದೇನೆ.

ಅಬ್ಬಾ ಅವರ ಕರಾಟೆಗೆ ಒಂದೇ ಒಂದು ದೊಡ್ಡ ನಿಯಮವಿತ್ತು. ಹೊಡೆತ ಎಷ್ಟೇ ಜೋರಾಗಿರಲಿ, ಎದುರಿನವರ ಚರ್ಮಕ್ಕೆ ಒಂದು ಬೆರಳು ಜಾಗ ಬಿಟ್ಟು ನಿಲ್ಲಬೇಕು. ಮುಟ್ಟಿದರೆ ತಪ್ಪು. ಅವರ ಕರಾಟೆ ಸ್ಪರ್ಧೆಗಳೂ ಹಾಗೆಯೇ, ನಿಲ್ಲಿಸಿದವರಿಗೆ ಅಂಕ, ಮುಟ್ಟಿಸಿದವರಿಗೆ ಎಚ್ಚರಿಕೆ. ಶಿವರಂಜಿನಿ ಇದರಲ್ಲಿ ಎಷ್ಟು ಪಳಗಿದಳೆಂದರೆ ಅವಳ ಮುಷ್ಟಿ ಬಂದು ನನ್ನ ಮೂಗಿನ ಮುಂದೆ ನಿಂತಾಗ ಗಾಳಿ ಮಾತ್ರ ತಾಕುತ್ತಿತ್ತು. ಹದಿನೇಳಕ್ಕೆ ಬ್ಲ್ಯಾಕ್ ಬೆಲ್ಟು ಬಂತು. ರಾಜ್ಯ ಮಟ್ಟದಲ್ಲಿ ಮೂರು ಸಲ ಗೆದ್ದಳು. ಮನೆಯ ಶೋಕೇಸಿನಲ್ಲಿ ಕಪ್ಪುಗಳು ತುಂಬಿ, ಅವಳ ಅವ್ವ ಮಲ್ಲಿಗಮ್ಮ ಒಂದು ಕಪ್ಪಿನಲ್ಲಿ ಕರಿಮೆಣಸು, ಇನ್ನೊಂದರಲ್ಲಿ ಲವಂಗ ಹಾಕಿಟ್ಟರು.

ಕಪ್ಪುಗಳಿಂದ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ಇಪ್ಪತ್ತಮೂರಕ್ಕೆ ಅವಳು ಸರ್ಕಾರಿ ಬಸ್ಸಿನ ಕಂಡಕ್ಟರಾದಳು. ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರ, ಮತ್ತೆ ವಾಪಸ್ಸು. ಮರುವರ್ಷ ಮೈಸೂರಿನ ಗಿರೀಶ್ ಎಂಬ ಕೋಚು ಅವಳನ್ನು ಒಂದು ಸ್ಪರ್ಧೆಯಲ್ಲಿ ನೋಡಿ, ನೀನು ಇಲ್ಲಿ ಕೊಳೆಯಬೇಡ, ಪಂಜರದೊಳಗೆ ಬಾ ಎಂದರು. ಪಂಜರವೆಂದರೆ ನಿಜವಾಗಿಯೂ ಪಂಜರವೇ. ಸುತ್ತ ತಂತಿ ಬಲೆ, ಒಳಗೆ ಇಬ್ಬರು, ಗುದ್ದು, ಒದೆ, ಕುಸ್ತಿ ಎಲ್ಲಕ್ಕೂ ಅವಕಾಶ. ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ ಎನ್ನುತ್ತಾರೆ. ಮಲ್ಲಿಗಮ್ಮ ಮೊಬೈಲಿನಲ್ಲಿ ಒಂದು ಪಂದ್ಯ ನೋಡಿ, ಈ ಹುಡುಗಿಯರನ್ನು ಬಿಡಿಸುವವರು ಯಾರೂ ಇಲ್ಲವಾ ಎಂದು ಕೇಳಿದರಂತೆ.

ಮೊದಲ ಪಂದ್ಯದಲ್ಲಿ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ. ಗಂಟೆ ಬಾರಿಸಿ ಹತ್ತು ಸೆಕೆಂಡಿಗೆ ನಮ್ಮ ಶಿವರಂಜಿನಿ ಎದುರಾಳಿಯ ಗಲ್ಲಕ್ಕೆ ಒಂದು ಸೊಗಸಾದ ಗುದ್ದು ಬಿಟ್ಟಳು, ಒಂದು ಬೆರಳು ಜಾಗ ಬಿಟ್ಟು ನಿಲ್ಲಿಸಿದಳು, ಅಂಕ ಕೊಡುತ್ತಾರೇನೋ ಎಂದು ರೆಫರಿಯ ಮುಖ ನೋಡಿದಳು. ಎದುರಾಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ. ಪಂದ್ಯ ಒಂದು ನಿಮಿಷ ಮೂವತ್ತು ಸೆಕೆಂಡಿಗೆ ಮುಗಿಯಿತು.

ಆ ಮೇಲೆ ಅಬ್ಬಾ ಒಂದು ವರ್ಷ ಕೂತು ತಾವು ಕಲಿಸಿದ್ದನ್ನು ತಾವೇ ಅಳಿಸಿದರು. ಲಾರಿ ಟೈರನ್ನು ಗೋಡೆಗೆ ವೆಲ್ಡ್ ಮಾಡಿದ ಕೊಂಡಿಗೆ ಕಟ್ಟಿ, ಮುಟ್ಟು, ಮುಟ್ಟಿ ಆಚೆ ಹೋಗು ಎಂದು ಕಿರುಚುತ್ತಿದ್ದರು. ಪಾಪ, ಹೇಳುವಾಗ ಅವರ ಮುಖ ಹುಳಿ ತಿಂದವರ ಹಾಗಿರುತ್ತಿತ್ತು. ಆ ವರ್ಷವೇ ನನ್ನ ಮೂಗು ಮೊದಲ ಸಲ ಮುರಿದದ್ದು. ಕುಸ್ತಿಯ ಪಟ್ಟುಗಳಿಗೆ ವಾರಕ್ಕೆರಡು ದಿನ ಮೈಸೂರಿಗೆ, ಗಿರೀಶ್ ಅವರ ಹತ್ತಿರ ಹೋಗುತ್ತಿದ್ದಳು. ಮುಂದಿನ ನಾಲ್ಕು ಪಂದ್ಯಗಳಲ್ಲಿ ಮೂರು ಗೆದ್ದಳು.

ಗೆದ್ದರೂ ಸೋತರೂ ಸೋಮವಾರ ಬಸ್ಸಿನಲ್ಲಿ ಇರಲೇಬೇಕು. ಕಣ್ಣು ಬಾತು, ತುಟಿ ಹೊಲಿಗೆ ಹಾಕಿಸಿಕೊಂಡು ಟಿಕೆಟ್ ಕೊಡುವ ಕಂಡಕ್ಟರಮ್ಮನನ್ನು ಕಂಡು ಪ್ರಯಾಣಿಕರು ತಮಗೆ ತೋಚಿದ ತೀರ್ಮಾನಕ್ಕೆ ಬರುತ್ತಿದ್ದರು. ಹೆಂಗಸರು ಪಕ್ಕಕ್ಕೆ ಕರೆದು, ಅವನನ್ನು ಬಿಟ್ಟು ಅಮ್ಮನ ಮನೆಗೆ ಹೋಗು ಎಂದು ಪಿಸುಗುಟ್ಟುತ್ತಿದ್ದರು. ತನಗೆ ಮದುವೆಯೇ ಆಗಿಲ್ಲವೆಂದರೆ ಯಾರೂ ನಂಬುತ್ತಿರಲಿಲ್ಲ. ತೆರಕಣಾಂಬಿಯ ನಾಲ್ವರು ಗಂಡಸರು ಒಂದು ದಿನ ಆ ಇಲ್ಲದ ಗಂಡನ ವಿಳಾಸ ಕೇಳಿದರಂತೆ, ಹೋಗಿ ಮಾತಾಡಿಕೊಂಡು ಬರುತ್ತೇವೆ ಎಂದು.

ಈಗ ಅವಳ ಅಪ್ಪನ ವಿಷಯಕ್ಕೆ ಬರುತ್ತೇನೆ. ಪುಟ್ಟಮಾದಯ್ಯನವರು ಗುಂಡ್ಲುಪೇಟೆಯ ಹೊರಗಿನ ಒಂದು ಖಾಸಗಿ ಮಂಡಿಯಲ್ಲಿ ತೂಕ ಹಾಕುವವರು. ಹೂವಿನ ಕಾಲದಲ್ಲಿ ಚೆಂಡುಹೂವು, ಅರಿಶಿನದ ಕಾಲದಲ್ಲಿ ಅರಿಶಿನ. ಮೊದಲು ತಕ್ಕಡಿ ಕಲ್ಲು, ಈಗ ಹತ್ತು ವರ್ಷದಿಂದ ಕೆಂಪು ಅಂಕಿ ತೋರಿಸುವ, ನೆಲದ ಮೇಲಿನ ಕಬ್ಬಿಣದ ಮೆಷಿನ್ನು. ಅದರ ಮೇಲೆ ಮೂಟೆ ಇಡುವುದು, ಅಂಕಿ ನೋಡಿ ಕೂಗುವುದು, ಚೀಟಿ ಬರೆಯುವುದು. ಮೂವತ್ತು ವರ್ಷದಿಂದ ಅವರ ಬದುಕು ಅಷ್ಟೇ. ಕಡಿಮೆ ಮಾತು, ಮೆಲ್ಲಗಿನ ನಡಿಗೆ, ಯಾರ ಮೇಲೂ ದನಿ ಎತ್ತಿದ್ದಿಲ್ಲ.

ಪಂಜರದ ಹೋರಾಟಗಾರರಿಗೆ ಎದುರಾಳಿಗಿಂತ ದೊಡ್ಡ ಶತ್ರು ತೂಕ. ಪಂದ್ಯದ ಹಿಂದಿನ ದಿನ ಎಲ್ಲರ ಮುಂದೆ ಮೆಷಿನ್ ಹತ್ತಬೇಕು. ಶಿವರಂಜಿನಿಯ ವರ್ಗಕ್ಕೆ ಐವತ್ತೆರಡು ಕೆಜಿ ಇನ್ನೂರು ಗ್ರಾಂ. ಅದಕ್ಕಿಂತ ಹೆಚ್ಚಾದರೆ ಎದುರಾಳಿ ಬೇಡವೆನ್ನಬಹುದು. ಮೊದಮೊದಲು ಅವಳು ತೂಕ ನೋಡಿಕೊಳ್ಳುತ್ತಿದ್ದದ್ದು ಮೈಸೂರಿನಲ್ಲಿ, ಗಿರೀಶ್ ಅವರ ಬಳಿ. ಕಳೆದ ವರ್ಷ ಅವರು ಜಿಮ್ಮನ್ನು ಊರಾಚೆಗೆ ಸಾಗಿಸಿದರು, ಸಾಗಿಸುವಾಗ ಅಲ್ಲಿಯ ತೂಕದ ಮೆಷಿನ್ನು ಕೆಟ್ಟಿತು, ಇವಳ ಬಸ್ಸಿನ ಪಾಳಿಯೂ ಬದಲಾಯಿತು, ಮೈಸೂರಿಗೆ ಹೋಗುವುದು ತಿಂಗಳಿಗೊಮ್ಮೆ ಆಯಿತು. ಆಗ ಅಪ್ಪನ ಮಂಡಿಯ ಮೆಷಿನ್ನು ಇದೆಯಲ್ಲ ಎಂದು ಅವಳಿಗೆ ಹೊಳೆಯಿತು. ಡ್ಯೂಟಿಗೆ ಹೋಗುವ ಮುಂಚೆ ಮಂಡಿಗೆ ಹೋಗಿ, ಚಪ್ಪಲಿ ಬಿಟ್ಟು, ಹೂವಿನ ಮೂಟೆಗಳ ನಡುವೆ ಅದರ ಮೇಲೆ ನಿಲ್ಲುವಳು. ಅಪ್ಪ ಅಂಕಿ ಕೂಗುವರು. ಸರದಿಯಲ್ಲಿ ನಿಂತ ರೈತರು, ನಿನ್ನೆಗಿಂತ ಅರ್ಧ ಕೆಜಿ ಕಮ್ಮಿ ಎಂದು ಅವಳ ಪರವಾಗಿ ಖುಷಿಪಡುವರು.

ಆಗಸ್ಟಿನಲ್ಲಿ, ಓಣಂಗೆ ಕೇರಳದ ಲಾರಿಗಳು ಹೂವು ತುಂಬಲು ಸಾಲುಗಟ್ಟಿ ನಿಂತಿದ್ದ ವಾರ, ಅವಳಿಗೆ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯ ಪಂದ್ಯ ಸಿಕ್ಕಿತು. ಮಂಡಿಯ ಮೆಷಿನ್ನು ಐವತ್ತೆರಡೂ ನೂರು ಎಂದಿತು. ನಾವು ಸಂತೋಷವಾಗಿ ಬಸ್ಸು ಹತ್ತಿದೆವು. ಬೆಂಗಳೂರಿನ ಮೆಷಿನ್ನು ಐವತ್ತಮೂರೂ ಏಳುನೂರು ಎಂದಿತು. ಎರಡು ಗಂಟೆ ಸಮಯ ಕೊಟ್ಟರು. ಮೆಟ್ಟಿಲು ಹತ್ತಿಸಿ ಇಳಿಸಿ ಐನೂರು ಗ್ರಾಂ ಇಳಿಸಿದೆವು, ಅಷ್ಟೇ. ಎದುರಾಳಿ ಆಡುವುದಿಲ್ಲವೆಂದಳು. ಸಂಘಟಕರು ಮುಲಾಜಿಲ್ಲದೆ ಹೇಳಿದರು: ಇನ್ನೊಂದು ಅವಕಾಶ ಕೊಡುತ್ತೇವೆ, ಆಗಲೂ ತೂಕ ತಪ್ಪಿದರೆ ನಿಮ್ಮ ಹೆಸರು ಪಟ್ಟಿಯಿಂದ ತೆಗೆಯುತ್ತೇವೆ. ಅವಳಿಗೆ ಆಗ ಇಪ್ಪತ್ತೊಂಬತ್ತು. ಈ ಪಟ್ಟಿಯಿಂದ ಹೋದರೆ ಬೇರೆ ಯಾವ ಪಟ್ಟಿಯಲ್ಲೂ ಸೇರಿಸಿಕೊಳ್ಳುವವರಿಲ್ಲ, ಹದಿನೇಳು ವರ್ಷದ ಕಸರತ್ತು ಅಲ್ಲಿಗೆ ಮುಗಿಯುತ್ತದೆ ಎಂಬುದು ಅವಳಿಗೂ ಗೊತ್ತು, ನಮಗೂ ಗೊತ್ತು.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ, ಯಾರ ತಪ್ಪು ಎಂಬ ವಿಚಾರಣೆ. ಅಬ್ಬಾ ಮಲ್ಲಿಗಮ್ಮನ ಮುದ್ದೆಯ ಗಾತ್ರದ ಮೇಲೆ ಅನುಮಾನಪಟ್ಟರು. ಮಲ್ಲಿಗಮ್ಮ ಬಸ್‌ಸ್ಟ್ಯಾಂಡಿನ ಬೋಂಡದ ಮೇಲೆ ತಪ್ಪು ಹಾಕಿದರು. ನಮ್ಮಮ್ಮ ಆಮಿನಾ, ಹಿಂದಿನ ವಾರ ನಾನೇ ಅವಳಿಗೆ ಎರಡು ಸಲ ಬಿರಿಯಾನಿ ಬಡಿಸಿದೆ ಎಂದು ತಾವಾಗಿಯೇ ಒಪ್ಪಿಕೊಂಡು ಕಣ್ಣೀರು ಹಾಕಿದರು. ಬಸ್ಸಿನಲ್ಲಂತೂ ಹೇಳಲೇಬೇಡಿ, ಯಾರೋ ಒಬ್ಬ ಬಾಳೆಹಣ್ಣು ಕೊಟ್ಟು, ತಿನ್ನಬೇಡಿ ಮೇಡಂ, ಸುಮ್ಮನೆ ನೋಡಿ ಎಂದನಂತೆ.

ಶಿವರಂಜಿನಿಯದು ಒಂದೇ ವಾದ. ಮಂಡಿಯಲ್ಲಿ ಅಪ್ಪನೇ ತೂಕ ಹಾಕಿದ್ದು, ಅದು ತಪ್ಪಲು ಸಾಧ್ಯವಿಲ್ಲ, ಬೆಂಗಳೂರಿನವರದ್ದೇ ಕೆಟ್ಟಿರಬೇಕು. ನಾನು ಆನ್‌ಲೈನಿನಲ್ಲಿ ಒಂದು ಗಾಜಿನ ಮೆಷಿನ್ ತರಿಸಿದೆ. ಅದು ಮಂಡಿಗಿಂತ ಒಂದೂವರೆ ಕೆಜಿ ಜಾಸ್ತಿ ತೋರಿಸಿತು. ನಮ್ಮೂರ ಜಿಮ್ಮಿನದು ಎರಡು ಕೆಜಿ ಜಾಸ್ತಿ, ಮೆಡಿಕಲ್ ಶಾಪಿನ ಮುಂದಿನದು ಒಂದು ಕೆಜಿ ಜಾಸ್ತಿ. ಮೂರೂ ಬೇರೆ ಬೇರೆ ಹೇಳುತ್ತವೆ, ಆದ್ದರಿಂದ ಮೂರೂ ಸುಳ್ಳು ಎಂದು ಅವಳು ತೀರ್ಪು ಕೊಟ್ಟಳು. ಮೂರೂ ಜಾಸ್ತಿಯನ್ನೇ ಹೇಳುತ್ತವಲ್ಲ ಎಂದು ನನಗೆ ಅನಿಸಿತ್ತು. ಆದರೆ ಅಪ್ಪನ ಕೈಯ ತೂಕವನ್ನು ಅನುಮಾನಿಸು ಎಂದು ಮಗಳಿಗೆ ಹೇಳುವುದು ಹೇಗೆ? ನಾನು ಬಾಯಿ ಮುಚ್ಚಿಕೊಂಡೆ. ಅದಕ್ಕೆ ನನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಓದುಗರನ್ನು ಕಾಯಿಸುವ ಉದ್ದೇಶ ನನಗಿಲ್ಲ. ಮಂಡಿಯ ಮೆಷಿನ್ನು ಸುಳ್ಳು ಹೇಳುತ್ತಿತ್ತು. ನೂರು ಕೆಜಿ ಇಟ್ಟರೆ ತೊಂಬತ್ತೇಳು. ಯಜಮಾನ ಶಿವರಾಮು ಅದನ್ನು ಹಾಗೆ ಹೊಂದಿಸಿಟ್ಟಿದ್ದ. ಪುಟ್ಟಮಾದಯ್ಯನವರಿಗೆ ಅದು ಗೊತ್ತಿತ್ತು. ಮಂಡಿಯ ಕೆಲಸವೆಂದರೆ ಹೀಗೆಯೇ ಎಂದುಕೊಂಡು ಅದನ್ನು ಯೋಚಿಸುವುದನ್ನೇ ಬಿಟ್ಟಿದ್ದರು. ಮೂಟೆಗೆ ಅನ್ವಯವಾಗುವುದು ಮಗಳಿಗೂ ಅನ್ವಯವಾಗುತ್ತದೆಂದು ಅವರಿಗೆ ಹೊಳೆದದ್ದು ಅವಳು ಬೆಂಗಳೂರಿನಿಂದ ತಲೆ ತಗ್ಗಿಸಿಕೊಂಡು ಬಂದ ದಿನ. ಹೊಳೆದ ಮೇಲೂ ಹೇಳಲಿಲ್ಲ. ಹೇಳಬೇಕಾದರೆ ತಾನು ದಿನಾ ಮಾಡುವ ಕೆಲಸವೇನು ಎಂಬುದನ್ನೂ ಹೇಳಬೇಕಲ್ಲ. ಬದಲಿಗೆ, ಇನ್ನೊಂದೆರಡು ಕೆಜಿ ಇಳಿಸಿಬಿಡು ಮಗ, ಕೈಯಲ್ಲಿರಲಿ ಎಂದು ಅವಳಿಗೆ ಆಗಾಗ ಹೇಳುತ್ತಿದ್ದರು. ಅಷ್ಟು ಇಳಿಸಿದರೆ ಒದೆಯುವುದಕ್ಕೆ ಕಾಲೇ ಇರುವುದಿಲ್ಲ ಎಂದು ಅವಳು ರೇಗುತ್ತಿದ್ದಳು.

ಎರಡನೆಯ ಅವಕಾಶ ಮಾರ್ಚಿನಲ್ಲಿ ಬಂತು. ಪುಣೆಯ ಹುಡುಗಿಯ ಮೇಲೆ ಪಂದ್ಯ, ಶನಿವಾರ ಬೆಳಿಗ್ಗೆ ಹತ್ತಕ್ಕೆ ತೂಕ, ಭಾನುವಾರ ಸಂಜೆ ಪಂದ್ಯ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ನಾನೂ ಅವಳೂ ಮಂಡಿಗೆ ಹೋದೆವು. ಅರಿಶಿನದ ಸುಗ್ಗಿ. ಅಂಗಳದ ತುಂಬ ಮೂಟೆಗಳು, ಸರದಿಯ ಮುಂದೆ ಹರವೆಯ ಸೋಮಮ್ಮ. ಈ ಸೋಮಮ್ಮ ಮಂಡಿಯಲ್ಲಿ ಹೆಸರುವಾಸಿ. ಮನೆಯಲ್ಲಿ ತೂಗಿದರೆ ನೂರು ಬರುವ ಮೂಟೆ ಇಲ್ಲಿ ಮೂರು ಕಮ್ಮಿ ಬರುತ್ತದೆಂದು ವರ್ಷ ವರ್ಷವೂ ಜಗಳ ತೆಗೆಯುವವರು. ಶಿವರಾಮು ಪ್ರತಿಸಲವೂ, ದಾರಿಯಲ್ಲಿ ಬಿಸಿಲಿಗೆ ಆರಿತು ಕಣಮ್ಮ ಎಂದು ಸಮಾಧಾನ ಹೇಳುತ್ತಿದ್ದ. ಹರವೆಯಿಂದ ಗುಂಡ್ಲುಪೇಟೆಗೆ ಬರುವಷ್ಟರಲ್ಲಿ ಮೂರು ಕೆಜಿ ಆರುವ ಬಿಸಿಲು ಸಹಾರಾದಲ್ಲೂ ಇರಲಿಕ್ಕಿಲ್ಲ.

ಶಿವರಂಜಿನಿ ಚಪ್ಪಲಿ ಬಿಟ್ಟು ಮೆಷಿನ್ ಹತ್ತಿದಳು. ಕೆಂಪು ಅಂಕಿ ಓಡಿ ನಿಂತಿತು: ಐವತ್ತೆರಡೂ ನೂರೈವತ್ತು. ರೈತರು ಚಪ್ಪಾಳೆ ತಟ್ಟಿದರು. ಶಿವರಾಮು ಕೂಡ ಕುರ್ಚಿಯಿಂದಲೇ ಹೆಬ್ಬೆಟ್ಟು ಎತ್ತಿ ತೋರಿಸಿದ. ನಾನು ಬ್ಯಾಗು ಹೆಗಲಿಗೇರಿಸಿದೆ. ಪುಟ್ಟಮಾದಯ್ಯನವರು ಮಾತ್ರ ಅಂಕಿ ಕೂಗಲಿಲ್ಲ. ಪೆನ್ನನ್ನು ಜೇಬಿಗೆ ಸಿಕ್ಕಿಸಿದರು, ತೆಗೆದರು, ಮತ್ತೆ ಸಿಕ್ಕಿಸಿದರು.

"ಇಳಿ ಮಗ," ಎಂದರು. "ಇದು ನಿನ್ನ ತೂಕ ಅಲ್ಲ ಕಣಮ್ಮಿ. ಈ ಮಿಷನ್ನು ನೂರಕ್ಕೆ ಮೂರು ಕಮ್ಮಿ ತೋರುಸ್ತದ."

ಸೋಮಮ್ಮ ಮೂಟೆಯ ಮೇಲೆ ಕೂತಿದ್ದವರು ನಿಧಾನವಾಗಿ ಎದ್ದರು.

"ನಮ್ಮ ಮೂಟೆಗೂವಾ ಪುಟ್ಟಮಾದಣ್ಣ?"

"ನಿಮ್ಗೂವೆ ಕಣವ್ವ. ಎಲ್ಲಾರ್ಗೂವೆ. ಹತ್ತು ವರ್ಸದಿಂದ."

ಶಿವರಾಮು ಎದ್ದು ಬಂದು, ಇವನಿಗೆ ತಲೆ ಕೆಟ್ಟಿದೆ, ಮಗಳ ಚಿಂತೆಯಲ್ಲಿ ಏನೇನೋ ಬಡಬಡಿಸುತ್ತಾನೆ ಎಂದು ಎಲ್ಲರಿಗೂ ಹೇಳಲು ನೋಡಿದ. ಅವನ ಕಡೆ ಯಾರೂ ತಿರುಗಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಶಿವರಂಜಿನಿಯನ್ನು. ಅವಳು ಇನ್ನೂ ಮೆಷಿನ್ನಿನ ಮೇಲೆಯೇ ನಿಂತಿದ್ದಳು.

"ಆಗಸ್ಟಲ್ಲೂ ಗೊತ್ತಿತ್ತಾ ನಿಂಗೆ?" ಎಂದು ಅಪ್ಪನನ್ನು ಕೇಳಿದಳು.

"ನೀ ತಿರುಗಿ ಬಂದ್ ಮ್ಯಾಕೆ ಗೊತ್ತಾಯ್ತು."

"ನಾ ಬಂದು ಏಳು ತಿಂಗ್ಳಾಯ್ತು."

ಅವಳು ಇಳಿದು ಚಪ್ಪಲಿ ಹಾಕಿಕೊಂಡಳು. ಪಂಜರದಲ್ಲಿ ಮೂಳೆ ಬಿರಿದಾಗಲೂ ಅಳದವಳ ಗಲ್ಲ ಅದುರುತ್ತಿತ್ತು. ನನಗೆ ಆ ಕ್ಷಣ ಪುಟ್ಟಮಾದಯ್ಯನವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜೊತೆಗೇ, ಇಷ್ಟು ಜನರ ಮುಂದೆ, ಅನ್ನ ಕೊಡುವ ಯಜಮಾನನ ಮುಂದೆ ಬಾಯಿಬಿಟ್ಟರಲ್ಲ ಎಂದು ಮರುಕವೂ ಬಂತು. ಎರಡೂ ಒಟ್ಟಿಗೆ ಹೇಗೆ ಬರುತ್ತವೆಂದು ಕೇಳಿದರೆ ನನಗೆ ಗೊತ್ತಿಲ್ಲ.

ಲೆಕ್ಕ ಹಾಕಿದರೆ ಅವಳ ನಿಜವಾದ ತೂಕ ಹತ್ತಿರಹತ್ತಿರ ಐವತ್ತಮೂರೂ ಎಂಟುನೂರು. ಒಂದು ಕೆಜಿ ಆರುನೂರು ಗ್ರಾಂ ಇಳಿಯಬೇಕು, ಉಳಿದಿರುವುದು ಇಪ್ಪತ್ತೇಳು ಗಂಟೆ. ಗಿರೀಶ್ ಅವರಿಗೆ ಫೋನು ಮಾಡಿದೆ. ಬೆವರು ತೆಗೆಸಿ, ಹಬೆ ಸ್ನಾನ ಸಿಗುತ್ತದಾ ನೋಡಿ ಎಂದರು. ಗುಂಡ್ಲುಪೇಟೆಯಲ್ಲಿ ಬೆಳಿಗ್ಗೆ ಏಳೂವರೆಗೆ ಹಬೆ ಸ್ನಾನ ಎಲ್ಲಿಂದ ತರಲಿ ಎಂದು ನಾನು ಅವರ ಮೇಲೆ ಕೂಗಾಡುತ್ತಿದ್ದಾಗ ಸೋಮಮ್ಮ ನನ್ನ ಭುಜ ತಟ್ಟಿದರು. ಅವರ ಹೊಲದಲ್ಲಿ ಅರಿಶಿನ ಬೇಯಿಸುತ್ತಿದ್ದಾರಂತೆ. ಹಬೆ ಬೇಕಾದಷ್ಟಿದೆಯಂತೆ.

ಹತ್ತು ವರ್ಷ ಮೋಸ ಹೋದದ್ದು ಗೊತ್ತಾಗಿ ಹತ್ತು ನಿಮಿಷವಾಗಿರಲಿಲ್ಲ. ಆ ಹೆಂಗಸು ಸಿಟ್ಟನ್ನು ಒಂದು ಕಡೆ ಇಟ್ಟು, ಮೂಟೆ ತಂದಿದ್ದ ಗೂಡ್ಸ್ ಆಟೋದಲ್ಲಿಯೇ ನಮ್ಮನ್ನು ಹತ್ತಿಸಿದರು. ಪುಟ್ಟಮಾದಯ್ಯನವರಿಗೂ, ನೀನೂ ಹತ್ತು, ತೂಕ ಹಾಕಕ್ಕೆ ಜನ ಬೇಕು ಎಂದರು. ಅವರು ಹಿಂದೆ, ಖಾಲಿ ಗೋಣಿಗಳ ಮೇಲೆ ಕೂತರು. ಶಿವರಂಜಿನಿ ಮುಂದೆ. ದಾರಿಯುದ್ದಕ್ಕೂ ಹಿಂತಿರುಗಿ ನೋಡಲಿಲ್ಲ.

ಹರವೆಯ ಹೊಲದಲ್ಲಿ ದೊಡ್ಡ ಕೊಪ್ಪರಿಗೆಗಳಲ್ಲಿ ಅರಿಶಿನ ಕುದಿಯುತ್ತಿತ್ತು. ಅದರ ಪಕ್ಕ ಟಾರ್ಪಾಲು ಕಟ್ಟಿ, ಕೊಪ್ಪರಿಗೆಯ ಹಬೆ ಒಳಗೆ ಬರುವ ಹಾಗೆ ಮಾಡಿ, ಶಿವರಂಜಿನಿಯನ್ನು ಕೂರಿಸಿದರು. ಮೈಮೇಲೆ ಎರಡು ಕಂಬಳಿ, ಅದರ ಮೇಲೆ ಅರಿಶಿನದ ಗೋಣಿಗಳು. ಕೆಲಸದ ಹೆಂಗಸರು ಸುತ್ತ ನಿಂತು, ಬಾಣಂತಿಗೆ ನೀರು ಹಾಕುವಾಗ ಹೇಳುವಂತೆ, ಇನ್ನೊಂಚೂರು ತಡಕೊ, ಆಯ್ತು ಆಯ್ತು ಎಂದು ಧೈರ್ಯ ಹೇಳುತ್ತಿದ್ದರು. ನಾನು ಕಾಲು ಗಂಟೆಗೊಮ್ಮೆ ಹೊರಗೆ ತಂದು ಉಸಿರು ನೋಡಿ ಮತ್ತೆ ಒಳಗೆ ಕಳಿಸುತ್ತಿದ್ದೆ.

ಹಬೆಗೆ ಕೂರಿಸುವ ಮೊದಲೇ ಸೋಮಮ್ಮನ ಮನೆಯ ಅಟ್ಟದಿಂದ ಹಳೆಯ ತೂಗುತಕ್ಕಡಿ ಇಳಿಸಿದ್ದರು. ಸರ್ಕಾರದ ಮುದ್ರೆ ಒತ್ತಿದ ಕಲ್ಲುಗಳೂ ಇದ್ದವು. ಹುಣಸೆಮರದ ಕೊಂಬೆಗೆ ತಕ್ಕಡಿ ಕಟ್ಟಿ, ಒಂದು ತಟ್ಟೆಯಲ್ಲಿ ಶಿವರಂಜಿನಿ ಮಂಡಿ ಮಡಚಿ ಕೂತಳು. ಇನ್ನೊಂದು ತಟ್ಟೆಗೆ ಪುಟ್ಟಮಾದಯ್ಯನವರು ಕಲ್ಲು ಇಡುತ್ತಾ ಹೋದರು. ಇಪ್ಪತ್ತು, ಇಪ್ಪತ್ತು, ಹತ್ತು. ಆಮೇಲೆ ಚಿಕ್ಕ ಕಲ್ಲುಗಳು. ಮುಳ್ಳು ನೆಟ್ಟಗೆ ನಿಂತ ಮೇಲೂ ಎರಡು ಸಲ ತೆಗೆದು ಇಟ್ಟು ನೋಡಿದರು.

"ಐವತ್ಮೂರು ಎಂಟ್ನೂರು," ಎಂದರು.

ಶಿವರಂಜಿನಿ ನನ್ನ ಕಡೆ ತಿರುಗಿ, ಎಷ್ಟಂತೆ ಕೇಳು ಎಂದಳು. ಅಪ್ಪ ನಿಂತಿದ್ದದ್ದು ಅವಳಿಂದ ಎರಡು ಮಾರು ದೂರದಲ್ಲಿ. ನಾನು ಅವರ ಮಾತನ್ನೇ ತಿರುಗಿ ಹೇಳಿದೆ. ಆ ದಿನವಿಡೀ ನನ್ನ ಕೆಲಸ ಇದೇ ಆಯಿತು. ಹತ್ತೂವರೆಗೆ ಐವತ್ತಮೂರೂ ನಾನೂರು, ಹನ್ನೆರಡೂವರೆಗೆ ಐವತ್ತಮೂರು, ಮೂರಕ್ಕೆ ಐವತ್ತೆರಡೂ ಐನೂರು. ಪ್ರತಿ ಸಲವೂ ಅವರು ನನಗೆ ಹೇಳುವುದು, ನಾನು ಅವಳಿಗೆ ಹೇಳುವುದು. ಉಳಿದ ಮುನ್ನೂರು ಗ್ರಾಂ ನಿದ್ದೆಯಲ್ಲಿ ಇಳಿಯುತ್ತದೆ, ಹೊರಡಿ ಎಂದು ಗಿರೀಶ್ ಫೋನಿನಲ್ಲಿ ಹೇಳಿದರು.

ಹೊರಡುವಾಗ ಪುಟ್ಟಮಾದಯ್ಯನವರು ಅಬ್ಬಾ ತಂದಿದ್ದ ಬಾಡಿಗೆ ಕಾರಿನವರೆಗೆ ಬಂದರು. ಅವರು ಬೆಂಗಳೂರಿಗೆ ಬರುವಂತಿರಲಿಲ್ಲ. ರೈತರು ಮಂಡಿಯ ಬಾಗಿಲಲ್ಲಿ ಕೂತಿದ್ದರು, ಮಾರನೆಯ ದಿನ ತೂಕದ ಇಲಾಖೆಯವರು ಬಂದಾಗ ಮೆಷಿನ್ನಿನ ಗುಟ್ಟನ್ನು ಪುಟ್ಟಮಾದಯ್ಯನವರೇ ನಿಂತು ಹೇಳಬೇಕಿತ್ತು. ಕೆಲಸದಿಂದಂತೂ ಶಿವರಾಮು ಅವರನ್ನು ಆ ಬೆಳಿಗ್ಗೆಯೇ ತೆಗೆದಿದ್ದ. ಅವರು ಕಿಟಕಿಯ ಹತ್ತಿರ ಬಗ್ಗಿ ಏನೋ ಹೇಳಲು ಹೋದರು. ಅವಳು ಗಾಜು ಏರಿಸಿದಳು. ಅದು ಸರಿಯೋ ತಪ್ಪೋ ನಾನು ಹೇಳುವುದಿಲ್ಲ. ಹೇಳಲು ನನ್ನ ಅಬ್ಬಾ ನನಗೆ ಏಳು ತಿಂಗಳು ಸುಳ್ಳು ಹೇಳಿದವರಲ್ಲ.

ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಅವಳನ್ನು ಕಂಡವರು ಹೌಹಾರಿದರು. ಮುಖ, ಕತ್ತು, ಕೈ, ಉಗುರು ಎಲ್ಲ ಹಳದಿ. ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಸಂಘಟಕರ ಡಾಕ್ಟರು ಓಡಿಬಂದು ಕಣ್ಣಿನ ರೆಪ್ಪೆ ಕೆಳಗೆಳೆದು, ನಾಲಿಗೆ ಹೊರಗೆ ಹಾಕಿಸಿ, ಕಾಮಾಲೆ ಎಷ್ಟು ದಿನದಿಂದ ಎಂದು ಕೇಳಿದರು. ಕಾಮಾಲೆಯಲ್ಲ ಸಾರ್, ಅರಿಶಿನ ಎಂದು ಅಬ್ಬಾ ಹೇಳಿದರು. ಹಾಗಾದರೆ ಮದುವೆ ಯಾವಾಗ ಎಂದು ಪಕ್ಕದಲ್ಲಿದ್ದ ಒಬ್ಬರು ಕೇಳಿದರು. ಡಾಕ್ಟರು ಅವಳ ಬೆರಳನ್ನು ಒದ್ದೆ ಹತ್ತಿಯಿಂದ ಉಜ್ಜಿ, ಹತ್ತಿ ಹಳದಿಯಾದದ್ದನ್ನು ಕಂಡ ಮೇಲೆಯೇ ಬಿಟ್ಟರು.

ಅವಳು ಮೆಷಿನ್ ಹತ್ತಿದಳು. ನಾನು ಕಣ್ಣು ಮುಚ್ಚಿಕೊಂಡೆ, ಆದ್ದರಿಂದ ಅಂಕಿ ಓಡಿದ್ದನ್ನು ನಾನು ನೋಡಲಿಲ್ಲ. ಐವತ್ತೆರಡು ಪಾಯಿಂಟ್ ಎರಡು ಎಂದು ಕೂಗಿದ್ದು ಕೇಳಿಸಿತು. ಒಂದು ಗ್ರಾಮೂ ಆಚೆ ಇಲ್ಲ, ಈಚೆ ಇಲ್ಲ. ಅಬ್ಬಾ ಅವಳಿಗೆ ಕುಡಿಸಬೇಕಾದ ನೀರಿನ ಬಾಟಲಿಯನ್ನು ತಾವೇ ಅರ್ಧ ಕುಡಿದುಬಿಟ್ಟರು.

ಭಾನುವಾರದ ಪಂದ್ಯದ ಮೊದಲ ಸುತ್ತು ಪುಣೆಯ ಹುಡುಗಿಯದು. ಅವಳು ಇವಳನ್ನು ಕೆಡವಿ ಮೂರು ನಿಮಿಷ ಮೇಲೆಯೇ ಕೂತಿದ್ದಳು. ಶಿವರಂಜಿನಿಯ ಕಾಲುಗಳಲ್ಲಿ ಹರವೆಯ ಆಯಾಸ ಇನ್ನೂ ಇತ್ತು, ಅದು ನನಗೆ ಕಾಣುತ್ತಿತ್ತು. ವಿರಾಮದಲ್ಲಿ ಗಿರೀಶ್ ನೂರು ಮಾತು ಹೇಳಿದರು. ಅಬ್ಬಾ ಒಂದೇ ಮಾತು ಹೇಳಿದರು, ದೂರ ನಿಂತು ಒದೆ. ಎರಡನೆಯ ಸುತ್ತಿನಲ್ಲಿ ಅವಳು ದೂರ ನಿಂತಳು. ಪುಣೆಯವಳು ಒಳಗೆ ನುಗ್ಗಲು ಬಂದಾಗಲೆಲ್ಲ ಪಕ್ಕೆಗೆ ಒಂದು ಒದೆ ಕಾದಿರುತ್ತಿತ್ತು. ಮೂರನೆಯದರ ಕೊನೆಯ ನಿಮಿಷದಲ್ಲಿ ಇಬ್ಬರೂ ಪಟ್ಟು ಪಾಠ ಎಲ್ಲ ಮರೆತು, ಸಂತೆಯಲ್ಲಿ ಜುಟ್ಟು ಹಿಡಿದವರ ಹಾಗೆ ಗುದ್ದಾಡಿದರು. ನಾನು ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದೆ. ನನ್ನ ಹೈಸ್ಕೂಲಿನ ಮಕ್ಕಳು ಮೊಬೈಲಿನಲ್ಲಿ ನೋಡುತ್ತಿದ್ದಾರೆಂಬುದು ಆಮೇಲೆ ನೆನಪಾಯಿತು. ಮೂವರು ತೀರ್ಪುಗಾರರಲ್ಲಿ ಇಬ್ಬರು ಶಿವರಂಜಿನಿ ಎಂದರು.

ಗೆದ್ದವರಿಗೆ ಮೈಕು ಕೊಟ್ಟು ನಾಲ್ಕು ಮಾತು ಆಡಿಸುವುದು ಅಲ್ಲಿಯ ಪದ್ಧತಿ. ಸಾಮಾನ್ಯವಾಗಿ ದೇವರಿಗೆ, ಕೋಚಿಗೆ, ಅಭಿಮಾನಿಗಳಿಗೆ ಥ್ಯಾಂಕ್ಸ್ ಹೇಳಿ, ಮುಂದಿನ ಎದುರಾಳಿಗೆ ಸವಾಲು ಹಾಕುತ್ತಾರೆ. ಇವಳಿಗಾಗಿ ನಾನು ಇಂಗ್ಲಿಷಿನಲ್ಲಿ ಆರು ವಾಕ್ಯ ಬರೆದುಕೊಟ್ಟಿದ್ದೆ, ಬಸ್ಸಿನಲ್ಲಿ ಒಂದು ವಾರ ಬಾಯಿಪಾಠ ಮಾಡಿದ್ದಳು. ಮೈಕು ಹಿಡಿದಳು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಕಿವಿಯ ಹಿಂದೆ ಇನ್ನೂ ಹಳದಿ ಇತ್ತು. ನಿರೂಪಕ ಹೇಗನಿಸುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವಳು ಅವನನ್ನು ಬಿಟ್ಟು ಕ್ಯಾಮೆರಾದ ಕಡೆ ತಿರುಗಿದಳು.

ಆ ಹೊತ್ತಿಗೆ ಹರವೆಯಲ್ಲಿ ಸೋಮಮ್ಮನ ಜಗಲಿಯ ಮೇಲೆ ಒಂದು ಮೊಬೈಲಿನ ಸುತ್ತ ಮೂವತ್ತು ಜನ ಕೂತಿದ್ದರಂತೆ. ಪುಟ್ಟಮಾದಯ್ಯನವರು ಅವರೆಲ್ಲರ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದರಂತೆ. ಮಲ್ಲಿಗಮ್ಮ ಆಮೇಲೆ ನನಗೆ ಹೇಳಿದ್ದು. ಶುಕ್ರವಾರ ಕಾರು ಹೊರಟ ಮೇಲೆ ಮಗಳ ದನಿಯನ್ನು ಅವರು ಕೇಳಿದ್ದು ಅದೇ ಮೊದಲು.

"ನಂದು ಗುಂಡ್ಲುಪೇಟೆ," ಎಂದಳು ಶಿವರಂಜಿನಿ. "ನಮ್ಮಪ್ಪ ಪುಟ್ಟಮಾದಯ್ಯ ಅಂತ. ಮೊನ್ನೆ ಅವರ ಕೆಲ್ಸ ಓಯ್ತು. ಯಾರ್ದಾದ್ರೂ ಮಂಡಿ ಇದ್ರೆ ಕರೀರಿ. ನಮ್ಮಪ್ಪ ಸರಿಯಾಗಿ ತೂಕ ಆಕ್ತಾರೆ, ನಾನೇ ಸಾಕ್ಷಿ."

ನಿರೂಪಕನಿಗೆ ಒಂದಕ್ಷರ ಅರ್ಥವಾಗಲಿಲ್ಲ. ನಕ್ಕು, ಥ್ಯಾಂಕ್ಯೂ ಎಂದು ಮೈಕು ತೆಗೆದುಕೊಂಡ. ನಾನು ಅಬ್ಬಾ ಅವರ ಹೆಗಲ ಮೇಲೆ ತಲೆಯಿಟ್ಟು, ಯಾರು ನೋಡಿದರೂ ನೋಡಲಿ ಎಂದು ಜೋರಾಗಿ ಅತ್ತೆ.